ಅಪ್ಪನಿಗೊಂದು ಗೇಮಿಂಗ್ ಕಂಪ್ಯೂಟರ್

ಮಾರ್ಚ್ 3, ಸೋಮವಾರ

ಅಪ್ಪ ಬಂದು ಇವತ್ತಿಗೆ ಮೂರು ದಿನ. ಮೇ ಮೂವತ್ತೊಂದಕ್ಕೆ ತಮ್ಮ ಬಂದು ಕರೆದುಕೊಂಡು ಹೋಗುತ್ತಾನೆ. ಇನ್ನು ಎಂಬತ್ತೊಂಬತ್ತು ದಿನ. ತನ್ನ ಮನೆಯ ಕೆಳಗಡೆ ಅಪ್ಪನಿಗೆಂದೇ ಒಂದು ಕೋಣೆ ಕಟ್ಟಿಸುತ್ತಿದ್ದಾನೆ, ಅದು ಮುಗಿಯುವ ತನಕ ಮಾತ್ರ ಇಲ್ಲಿ ಎಂದು ಮಾತಾಗಿದೆ. "ಮೂರೇ ತಿಂಗಳು ಅಕ್ಕ, ಹೇಗಾದರೂ ಸುಧಾರಿಸು" ಅಂದ. ಸುಧಾರಿಸುತ್ತೇನೆ. ಇಷ್ಟು ವರ್ಷ ಸುಧಾರಿಸಿಕೊಂಡೇ ಬಂದವಳು.

ಈ ನೋಟ್‌ಬುಕ್ಕು ಆಸ್ಪತ್ರೆಯವರು ಹೇಳಿದ್ದಕ್ಕೆ ತಂದದ್ದು. ಮಾತ್ರೆ, ಬಿಪಿ, ಎಷ್ಟು ನಡೆದರು, ಎಲ್ಲ ಬರೆದಿಡಿ ಅಂದಿದ್ದರು. ಬರೆಯುವುದಕ್ಕೆ ಅಂಥದ್ದೇನೂ ಇಲ್ಲ. ಬೆಳಿಗ್ಗೆ ಎರಡು ಮಾತ್ರೆ, ಸಂಜೆ ಒಂದು. ನಡೆದದ್ದು ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಮಂಚಕ್ಕೆ. ಆಡಿದ ಮಾತು: "ಹೂಂ", "ಬೇಡ", "ಸಾಕು".

ಮೂವತ್ತೊಂದು ವರ್ಷ ಸಿಟಿ ಬಸ್ ಓಡಿಸಿದವರು. ಜನವರಿಯಲ್ಲಿ ಓಡಿಸುತ್ತಿರುವಾಗಲೇ ಲಕ್ವ ಹೊಡೆಯಿತು. ಬಸ್ಸು ಡಿವೈಡರ್ ಹತ್ತಿ ನಿಂತಿತು. ಒಳಗಿದ್ದ ಯಾರಿಗೂ ಒಂದು ಗೀರೂ ಆಗಲಿಲ್ಲ. ಅಪ್ಪನ ಬಲಗೈ, ಬಲಗಾಲಿನ ಶಕ್ತಿ ಹೋಯಿತು. ಅರ್ಧಕ್ಕರ್ಧ ವಾಪಸು ಬಂದಿದೆ, ಮಿಕ್ಕದ್ದು ವ್ಯಾಯಾಮ ಮಾಡಿದರೆ ಬರುತ್ತದೆ ಅನ್ನುತ್ತಾರೆ. ಇವರು ಮಾಡುವುದಿಲ್ಲ. ಲೈಸೆನ್ಸ್ ಹೋಯಿತು, ಅದರ ಹಿಂದೆಯೇ ಕ್ವಾರ್ಟರ್ಸೂ ಹೋಯಿತು.

ನನಗೆ ಅಯ್ಯೋ ಅನ್ನಿಸಬೇಕು. ಅನ್ನಿಸುತ್ತಿಲ್ಲ. ಅಮ್ಮ ಹೋದ ದಿನ ಈ ಮನುಷ್ಯ ಟ್ರಿಪ್ ಮುಗಿಸಿ, ಬಸ್ಸನ್ನು ಡಿಪೋದಲ್ಲಿ ಬಿಟ್ಟು, ಆಮೇಲೆ ಆಸ್ಪತ್ರೆಗೆ ಬಂದರು. ಆರು ವರ್ಷ ಆಯಿತು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಮಾರ್ಚ್ 12, ಬುಧವಾರ

ಫಿಸಿಯೋಥೆರಪಿ ಹುಡುಗಿ ಇವತ್ತು ಮೂರನೇ ಸಲ ಬಂದಿದ್ದಳು. ಹಳದಿ ರಬ್ಬರ್ ಚೆಂಡು ಕೊಟ್ಟು "ಹಿಂಡಿ ಅಂಕಲ್" ಅಂದರೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಕಿಟಕಿ ನೋಡುತ್ತಾರೆ. "ಕಾಲು ಎತ್ತಿ ಅಂಕಲ್" ಅಂದರೆ ಕಾಲಿಗೂ ಅವರಿಗೂ ಪರಿಚಯವೇ ಇಲ್ಲದವರ ಹಾಗೆ ಕೂರುತ್ತಾರೆ.

ಹೊರಡುವಾಗ ಅವಳು ಬಾಗಿಲ ಹತ್ತಿರ ನಿಂತು ದನಿ ತಗ್ಗಿಸಿ ಕೇಳಿದಳು. "ಅಕ್ಕ, ಅಂಕಲ್ ಬಲಗಾಲು ನೋಡಿದ್ರಾ?"

"ಎತ್ತೋದೇ ಇಲ್ಲವಲ್ಲ."

"ಎತ್ತಲ್ಲ, ಆದ್ರೆ ಒತ್ತುತ್ತಾರೆ. ಕೆಳಗಡೆ ಸ್ಟಾಪಿಗೆ ಬಸ್ ಬಂದಾಗಲೆಲ್ಲ ಅವರ ಕಾಲು ನೆಲ ಒತ್ತುತ್ತೆ. ಬ್ರೇಕು."

ನಾನು ಗಮನಿಸಿರಲಿಲ್ಲ. ಅವಳ ಅಣ್ಣ ಕಂಪ್ಯೂಟರಿನಲ್ಲಿ ಬಸ್ ಓಡಿಸುವ ಗೇಮ್ ಆಡುತ್ತಾನಂತೆ. ಸ್ಟೀರಿಂಗು, ಪೆಡಲು ಎಲ್ಲ ಸಿಗುತ್ತದಂತೆ. ಚೆಂಡು ಹಿಂಡದವರು ಸ್ಟೀರಿಂಗ್ ಹಿಡಿದಾರು ಅಂತ ಅವಳ ಲೆಕ್ಕಾಚಾರ.

ಅರವತ್ತರ ಹೊಸ್ತಿಲಲ್ಲಿ ಇರುವವರಿಗೆ ವಿಡಿಯೋ ಗೇಮು. ಆದರೂ ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿದೆ. ಬಸ್ಸಿನ ಬಾಗಿಲು ತೆರೆದುಕೊಳ್ಳುವಷ್ಟರಲ್ಲಿ ಒಲೆ ಮೇಲಿನ ಚಹಾ ಕುದ್ದು ಉಕ್ಕಿತು. ಇದಕ್ಕೆ ಬೇರೆಯದೇ ಕಂಪ್ಯೂಟರ್ ಬೇಕು. ತರೋಣ. ಹೊತ್ತು ಹೋಗುತ್ತದೆ, ಮೇ ಮೂವತ್ತೊಂದಕ್ಕೆ ಅವರ ಜೊತೆಗೇ ಕಟ್ಟಿ ಕಳಿಸಿದರಾಯಿತು.

ಮಾರ್ಚ್ 15, ಶನಿವಾರ

ರೆಡಿ ಗೇಮಿಂಗ್ ಕಂಪ್ಯೂಟರಿನ ಬೆಲೆ ಕೇಳಿ ಅಂಗಡಿಯಿಂದ ಮೆಲ್ಲಗೆ ಹಿಂದೆ ಸರಿದೆ. ನಮ್ಮ ಕನ್ನಡಕದ ಅಂಗಡಿಯ ಹಿಂದಿನ ಬೀದಿಯಲ್ಲಿ ಬಿಡಿಭಾಗ ಮಾರುವ ಒಬ್ಬ ಮುದುಕರಿದ್ದಾರೆ. ಗೋಡೆ ತುಂಬ ಕಂಪ್ಯೂಟರ್ ಫ್ಯಾನುಗಳನ್ನು ನೇತುಹಾಕಿದ್ದಾರೆ, ಎಲ್ಲರೂ ಫ್ಯಾನ್ ತಾತ ಅನ್ನುತ್ತಾರೆ. ಅಲ್ಲಿಗೆ ಹೋದೆ. ಬಿಡಿಬಿಡಿಯಾಗಿ ತಗೊಂಡು ನೀವೇ ಜೋಡಿಸಿ, ಅರ್ಧಕ್ಕೆ ಬರುತ್ತೆ ಅಂದರು.

"ನನಗೆ ಗೊತ್ತಿಲ್ಲವಲ್ಲ ತಾತ."

"ಏನು ಕೆಲಸ ನಿಮ್ಮದು?"

"ಫ್ರೇಮಿಗೆ ಲೆನ್ಸ್ ಕೂರಿಸೋದು."

"ಮತ್ತೆ ಇದೂ ಅದೇ. ಅಳತೆ ಕೂಡಬೇಕು, ಅಷ್ಟೇ. ಬೋರ್ಡಿಗೂ ಪ್ರಾಸೆಸರಿಗೂ ಬೀಗತನ ಕೂಡಬೇಕು. ಸಾಕೆಟ್ ಬೇರೆ ಆದ್ರೆ ತಲೆಕೆಳಗಾದರೂ ಕೂರಲ್ಲ. ಬೋರ್ಡು ನಾಲ್ಕನೇ ನಮೂನೆ ರ‍್ಯಾಮ್ ಕೇಳಿದ್ರೆ ಐದನೇದು ತರಬೇಡಿ, ಕಚ್ಚು ಇರೋ ಜಾಗವೇ ಬೇರೆ. ಗ್ರಾಫಿಕ್ಸ್ ಕಾರ್ಡು ಸೆಕೆಂಡ್ ಹ್ಯಾಂಡ್ ನಡೆಯುತ್ತೆ. ಪವರ್ ಸಪ್ಲೈ ಒಂದು ಮಾತ್ರ ಹೊಸದೇ ಬೇಕು. ಅದು ಕೈ ಕೊಟ್ಟರೆ ಒಬ್ಬನೇ ಹೋಗಲ್ಲ, ಎಲ್ಲರನ್ನೂ ಕರೆದುಕೊಂಡು ಹೋಗುತ್ತೆ."

ಬಸ್ಸು ಓಡಿಸಲು ಎಂಥದ್ದು ಬೇಕು ಎಂದು ಕೇಳಿದೆ. ಯಾರು ಓಡಿಸೋದು ಅಂದರು. ಹೇಳಿದೆ. ಸುಮ್ಮನೆ ತಲೆ ಆಡಿಸಿ, ಒಂದು ಚೀಟಿಯಲ್ಲಿ ಏಳು ಸಾಲು ಬರೆದುಕೊಟ್ಟರು. ಪ್ರಾಸೆಸರ್ ಅವತ್ತೇ ಅವರ ಹತ್ತಿರವೇ ತಗೊಂಡೆ. ಬಿಸ್ಕತ್ತಿನಷ್ಟು ಇದೆ. ಇದೇ ಮಿದುಳಂತೆ.

ಮಾರ್ಚ್ 19, ಬುಧವಾರ

ಊಟದ ವೇಳೆಯಲ್ಲಿ ಬೋರ್ಡುಗಳ ಬಗ್ಗೆ ಓದುತ್ತಿದ್ದೇನೆ. ಜನ ಇದಕ್ಕಾಗಿ ಜಗಳವನ್ನೇ ಆಡುತ್ತಾರೆ. ಒಬ್ಬನಿಗೆ ಇದು ಸರಿ, ಇನ್ನೊಬ್ಬನಿಗೆ ಇದನ್ನು ತೆಗೆದುಕೊಂಡವನು ಮೂರ್ಖ.

ಸಂಜೆ ಅಡುಗೆಮನೆ ಮೇಜಿನ ಮೇಲೆ ಚೀಟಿ ಹರಡಿಕೊಂಡು ಕೂತಿದ್ದೆ. ಪವರ್ ಸಪ್ಲೈ ನಾನೂರೈವತ್ತು ವ್ಯಾಟ್ ಸಾಕೋ ಐನೂರೈವತ್ತು ಬೇಕೋ ಎಂದು ನನ್ನಷ್ಟಕ್ಕೇ ಗೊಣಗುತ್ತಿದ್ದೆ. ಕಿಟಕಿ ಕಡೆಯಿಂದ ದನಿ ಬಂತು.

"ದೊಡ್ಡದೇ ತಗೋ. ದಿಬ್ಬ ಹತ್ತುವಾಗ ಗೊತ್ತಾಗುತ್ತೆ."

ಹದಿನೆಂಟು ದಿನದಲ್ಲಿ ಇದು ಎಲ್ಲಕ್ಕಿಂತ ಉದ್ದದ ಮಾತು. ನಾಲಿಗೆ ಸ್ವಲ್ಪ ಎಳೆಯುತ್ತದೆ, ಆದರೆ ಅರ್ಥ ಆಗುತ್ತದೆ. "ಇದು ಏನಕ್ಕೆ ಗೊತ್ತಾ ನಿಮಗೆ?" ಎಂದು ಕೇಳಿದೆ. ಇಲ್ಲ ಅಂದರು. ಇಂಜಿನ್ ಎಳೆಯುವುದಕ್ಕಿಂತ ಸ್ವಲ್ಪ ಹೆಚ್ಚೇ ಕೊಡುವ ಹಾಗಿರಬೇಕು, ಯಾವುದೇ ಗಾಡಿ ಆದರೂ, ಅಂದರು. ಐನೂರೈವತ್ತೇ ತಗೊಂಡೆ.

ಮಾರ್ಚ್ 23, ಭಾನುವಾರ

ಗ್ರಾಫಿಕ್ಸ್ ಕಾರ್ಡು ಸಿಕ್ಕಿತು. ಊರಿನ ಆ ತುದಿಯಲ್ಲಿ ಒಬ್ಬ ನರ್ಸು ತನ್ನದನ್ನು ಮಾರುತ್ತಿದ್ದಳು. ಡ್ಯೂಟಿ ಬದಲಾಗಿ ಆಡಲು ಪುರಸೊತ್ತಿಲ್ಲವಂತೆ. ಎಂಟು ಜಿಬಿ, ಎರಡು ಫ್ಯಾನು, ಅಂದವಾಗಿದೆ. ಆಡಿಸಿ ತೋರಿಸಿದಳು. ಖುಷಿಯಲ್ಲಿ ಬಂದು, ಫ್ಯಾನ್ ತಾತನಿಂದ ತಂದಿಟ್ಟಿದ್ದ ಕ್ಯಾಬಿನೆಟ್ ಪೆಟ್ಟಿಗೆಯೊಳಗೆ ಇಡಲು ನೋಡಿದರೆ, ಹೋಗುವುದಿಲ್ಲ. ಎರಡು ಸೆಂಟಿಮೀಟರ್ ಉದ್ದ ಹೆಚ್ಚು.

ನಾನು ದಿನಾ ಮಿಲಿಮೀಟರಿನ ಹತ್ತನೇ ಒಂದು ಭಾಗ ನೋಡಿ ಲೆನ್ಸ್ ಕತ್ತರಿಸುವವಳು. ಅಳತೆ ತಪ್ಪಿದ ಲೆನ್ಸ್ ತಂದ ಹೊಸಬರನ್ನು ಎಷ್ಟು ಸಲ ಬೈದಿಲ್ಲ. ಕ್ಯಾಬಿನೆಟ್ ಒಳಗಿನ ಉದ್ದ ಅಳೆದಿರಲಿಲ್ಲ. ನೆಲದ ಮೇಲೆ ಕೂತು ಕಾರ್ಡನ್ನು ಓರೆ ಮಾಡಿ, ನೇರ ಮಾಡಿ, ಹಿಂದಿನಿಂದ ನೂಕಿ ಎಲ್ಲ ನೋಡಿದೆ.

ಅಪ್ಪ ಎದ್ದು ಬಂದರು. ಕೋಲು ಹಿಡಿದುಕೊಂಡು, ಯಾರೂ ಹೇಳದೆ, ಎಂಟು ಹೆಜ್ಜೆ. ನೋಡಿದರು.

"ಡಬಲ್ ಡೆಕ್ಕರು ಗ್ಯಾರೇಜಿಗೆ ಬಂದ ಹಾಗಾಯ್ತು" ಅಂದರು.

ನಗು ಬಂದುಬಿಟ್ಟಿತು. ಸಿಟ್ಟಿನಲ್ಲಿ ಇರುವಾಗ ಹೀಗೆ ನಗು ಬರಿಸುವುದು ಮೋಸ. ಕ್ಯಾಬಿನೆಟ್ ಬದಲಾಯಿಸಬೇಕು.

ಮಾರ್ಚ್ 29, ಶನಿವಾರ

ಫ್ಯಾನ್ ತಾತ ದೊಡ್ಡ ಕ್ಯಾಬಿನೆಟ್ ಕೊಟ್ಟು ಚಿಕ್ಕದನ್ನು ವಾಪಸು ಇಟ್ಟುಕೊಂಡರು. ಮೂಲೆಯಲ್ಲಿ ಒಂದು ತಗ್ಗು ಬಿದ್ದಿದೆ, ಪರವಾಗಿಲ್ಲ. ಈ ಸಲ ಟೇಪು ತಗೊಂಡೇ ಹೋಗಿದ್ದೆ.

ಪ್ರಾಸೆಸರ್ ಕೂರಿಸಿದೆ. ಒತ್ತಬೇಕಾಗಿಲ್ಲ, ತ್ರಿಕೋನದ ಗುರುತಿಗೆ ಗುರುತು ಕೂಡಿಸಿ ಬಿಟ್ಟರೆ ತಾನಾಗಿ ಕೂರುತ್ತದೆ. ರ‍್ಯಾಮ್ ಮಾತ್ರ ಒತ್ತಬೇಕು. ಟಕ್ ಅನ್ನುವವರೆಗೆ ಒತ್ತಿದರೆ ಬೋರ್ಡೇ ಮುರಿಯುತ್ತದೇನೋ ಅನ್ನಿಸುತ್ತದೆ. ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಬೇಕು. ಯಾಕೆ ಒಂದನೆಯದಕ್ಕಲ್ಲ ಅಂತ ಯಾರೂ ಸರಿಯಾಗಿ ಹೇಳುವುದಿಲ್ಲ.

ಬೋರ್ಡನ್ನು ಕ್ಯಾಬಿನೆಟ್ಟಿಗೆ ಬಿಗಿಯಲು ಎಂಟು ಸ್ಕ್ರೂ. ಅಷ್ಟರಲ್ಲಿ ಫಿಸಿಯೋ ಹುಡುಗಿ ಬಂದಳು. ನನ್ನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡು ಅಪ್ಪನ ಬಲಗೈಯಲ್ಲಿಟ್ಟಳು. "ಇವತ್ತಿಂದ ಚೆಂಡು ಬೇಡ ಅಂಕಲ್, ಇದು" ಅಂದಳು.

ಮೊದಲನೇ ಸ್ಕ್ರೂ ಹಿಡಿಯಲಿಕ್ಕೇ ಆರು ಸಲ ಬಿತ್ತು. ನಾನು ಹೆಕ್ಕಿ ಹೆಕ್ಕಿ ಕೊಟ್ಟೆ. ಏಳನೇ ಸಲ ಕೂತಿತು. ಮುಖ ಎಲ್ಲ ಬೆವರು. "ಸಾಕು" ಅನ್ನುತ್ತಾರೆ ಅಂದುಕೊಂಡೆ. "ಇನ್ನೊಂದು ಕೊಡು" ಅಂದರು.

ಏಪ್ರಿಲ್ 2, ಬುಧವಾರ

ಎಂಟನೇ ಸ್ಕ್ರೂ ಮುಗಿಯಿತು. ಐದು ದಿನ. ನಾನಾಗಿದ್ದರೆ ಐದು ನಿಮಿಷ.

ಏಪ್ರಿಲ್ 6, ಭಾನುವಾರ

ಎಲ್ಲ ಜೋಡಿಸಿ ಬಟನ್ ಒತ್ತಿದೆ. ಫ್ಯಾನುಗಳು ತಿರುಗಿದವು, ದೀಪ ಹತ್ತಿತು, ಪರದೆ ಮಾತ್ರ ಕಪ್ಪು. ಕೇಬಲ್ ಬಿಚ್ಚಿ ಹಾಕಿದೆ. ರ‍್ಯಾಮ್ ತೆಗೆದು ಹಾಕಿದೆ. ಕಾರ್ಡು ಬಿಚ್ಚಿ ಹಾಕಿದೆ. ಕಪ್ಪು. ಮೂರು ವಾರ ಇದರ ಹಿಂದೆ ಅಲೆದದ್ದು ನೆನಪಾಗಿ ಕಣ್ಣಲ್ಲಿ ನೀರು ಬಂತು. ಒಂದು ಕಂಪ್ಯೂಟರಿಗಾಗಿ ಅಳುವವರೂ ಇರುತ್ತಾರೆ.

"ಅದಕ್ಕೆ ಬೈಬೇಡ" ಅಂದರು ಅಪ್ಪ. ನಾನು ಬೈಯುತ್ತಿದ್ದೆನಂತೆ, ಬಾಯಿ ಬಿಟ್ಟೇ. "ಇಂಜಿನ್ ತಿರುಗ್ತಾ ಇದೆ, ಗಾಡಿ ಹೋಗ್ತಾ ಇಲ್ಲ. ಅಂದ್ರೆ ಯಾವುದೂ ಕೆಟ್ಟಿಲ್ಲ, ನಡುವೆ ಎಲ್ಲೋ ಕೂಡ್ತಾ ಇಲ್ಲ. ಮೆಕ್ಯಾನಿಕ್ಕಿಗೆ ತೋರಿಸು. ನೀನು ಮೊದಲು ಒಂದು ಚಹಾ ಕುಡಿ."

ಚಹಾ ಅವರೇ ಮಾಡಿದರು. ಎಡಗೈಯಲ್ಲಿ ಪಾತ್ರೆ, ಬಲಗೈ ಬರೀ ಆಸರೆಗೆ. ಸಕ್ಕರೆ ಜಾಸ್ತಿ ಆಗಿತ್ತು. ಕುಡಿದೆ.

ಏಪ್ರಿಲ್ 8, ಮಂಗಳವಾರ

ಫ್ಯಾನ್ ತಾತ ಮನೆಗೇ ಬಂದರು. ನೋಡಿದ ತಕ್ಷಣ ಹಣೆ ಚಚ್ಚಿಕೊಂಡರು. ಸಾಕೆಟ್ಟೇನೋ ಒಂದೇ, ಆದರೆ ನಾನು ತಂದ ಬೋರ್ಡು ಹಳೇದು, ಪ್ರಾಸೆಸರ್ ಅದು ಬಂದ ಮೇಲೆ ಹುಟ್ಟಿದ್ದು. ಮನೆ ಬಾಗಿಲಿಗೆ ಬಂದಿರುವುದು ಯಾರು ಅಂತ ಬೋರ್ಡಿಗೆ ಗುರುತೇ ಇಲ್ಲ. ಬೋರ್ಡಿನ ಒಳಗಿನ ಪ್ರೋಗ್ರಾಮನ್ನು ಹೊಸದು ಮಾಡಬೇಕು. "ಇದನ್ನು ನಾನು ಮೊದಲೇ ಹೇಳಬೇಕಿತ್ತು, ನನ್ನದೇ ತಪ್ಪು" ಅಂದರು. ತಾವೇ ತಂದಿದ್ದ ಒಂದು ಹಳೇ ಪ್ರಾಸೆಸರನ್ನು ಸ್ವಲ್ಪ ಹೊತ್ತು ಹಾಕಿ, ಪ್ರೋಗ್ರಾಮ್ ಬದಲಾಯಿಸಿ, ಮತ್ತೆ ನಮ್ಮದನ್ನು ಕೂರಿಸಿದರು. ಪರದೆ ಬೆಳಗಿತು.

ದುಡ್ಡು ತಗೊಳ್ಳಲಿಲ್ಲ. ಅವರಿಗೂ ಅಪ್ಪನಿಗೂ ಮಾತು ಹತ್ತಿತು. ಮಾರ್ಕೆಟ್ ಬಳಿಯ ಆ ತಿರುವು, ಅಗೆದು ಬಿಟ್ಟುಹೋದ ರಸ್ತೆಗಳು. ತಾತ ಮಾತಾಡಿದ್ದು ಹೆಚ್ಚು, ಆದರೂ ಅಪ್ಪ ಪೂರ್ತಿ ಪೂರ್ತಿ ವಾಕ್ಯ ಹೇಳುವುದು ಅಡುಗೆಮನೆಗೆ ಕೇಳುತ್ತಿತ್ತು.

ಏಪ್ರಿಲ್ 12, ಶನಿವಾರ

ಸೆಕೆಂಡ್ ಹ್ಯಾಂಡ್ ಸ್ಟೀರಿಂಗು, ಪೆಡಲು ಬಂದವು. ಮೇಜಿಗೆ ಬಿಗಿದೆ. ಬಸ್ಸಿನ ಗೇಮ್ ಹಾಕಿದೆ. ಲ್ಯಾಪ್‌ಟಾಪಿನಲ್ಲಿ ಕಂಡದ್ದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಗಾಜಿನ ಮೇಲಿನ ಧೂಳೂ ಕಾಣುತ್ತದೆ. ಅಪ್ಪನನ್ನು ಕರೆದು ಕೂರಿಸಿದೆ.

ಅವರು ಕೈ ಮಡಿಲಲ್ಲೇ ಇಟ್ಟುಕೊಂಡರು.

"ಹಿಡೀರಿ."

"ಆಗಲ್ಲ."

"ಯಾಕೆ, ಕೈ ನೋಯ್ತಿದೆಯಾ?"

"ನನ್ನ ಲೈಸೆನ್ಸ್ ತಗೊಂಡಿದ್ದಾರೆ" ಅಂದರು.

ಮೊದಲು ನಗು ಬಂತು. ಆಮೇಲೆ ಅವರ ಮುಖ ನೋಡಿದೆ. ತಮಾಷೆಗೆ ಹೇಳಿದ್ದಲ್ಲ. ಇದು ಆಟ, ಇಲ್ಲಿ ಯಾರೂ ಇಲ್ಲ ಅಂದೆ. "ಒಳಗೆ ಜನ ಕೂತಿದ್ದಾರೆ" ಅಂದರು. ನಿಜ, ಪರದೆಯಲ್ಲಿ ಕನ್ನಡಿಯೊಳಗೆ ಏಳೆಂಟು ಜನ ಕೂತಿದ್ದರು. ಎದ್ದು ಕಿಟಕಿಗೆ ಹೋದರು.

ಇಷ್ಟೆಲ್ಲ ಮಾಡಿದ್ದು ಇದಕ್ಕಾ ಅನ್ನಿಸಿತು.

ಏಪ್ರಿಲ್ 15, ಮಂಗಳವಾರ

ಫಿಸಿಯೋ ಹುಡುಗಿಗೆ ಹೇಳಿದೆ. ಅವಳು ನಗಲಿಲ್ಲ. ತನ್ನ ಚೀಟಿಪುಸ್ತಕ ತೆಗೆದು ಏನೋ ಬರೆದಳು, ಸಹಿ ಮಾಡಿದಳು, ಚೀಲದಿಂದ ಕ್ಲಿನಿಕ್ಕಿನ ಸೀಲು ಹುಡುಕಿ ತೆಗೆದು ಒತ್ತಿದಳು. ಎರಡೂ ಕೈಯಿಂದ ಅಪ್ಪನಿಗೆ ಕೊಟ್ಟಳು.

"ದಿನಕ್ಕೆ ಇಪ್ಪತ್ತು ನಿಮಿಷ ಈ ಕೋಣೆಯೊಳಗೆ ಬಸ್ ಚಲಾಯಿಸಲು ಯೋಗ್ಯರು. ಬಲಗೈ ಕಡ್ಡಾಯ."

ಅಪ್ಪ ಎರಡು ಸಲ ಓದಿದರು. ಮಡಿಚಿ ಅಂಗಿಯ ಜೇಬಿಗೆ ಹಾಕಿಕೊಂಡರು.

ಏಪ್ರಿಲ್ 16, ಬುಧವಾರ

ಓಡಿಸಿದರು.

ಸೀಟು ಸರಿಮಾಡಿಕೊಂಡರು, ಅಂದರೆ ನಮ್ಮ ಊಟದ ಕುರ್ಚಿಯನ್ನು ನಾಲ್ಕು ಸಲ ಹಿಂದೆ ಮುಂದೆ ಎಳೆದರು. ಕನ್ನಡಿ ನೋಡಿದರು. ಹೊರಟರು. ಜೋರಾಗಿ ಓಡಿಸುತ್ತಾರೆ ಎಂದುಕೊಂಡಿದ್ದೆ. ಗಂಟೆಗೆ ಇಪ್ಪತ್ತೈದು. ಮೊದಲ ಸ್ಟಾಪಿನಲ್ಲಿ ಎಲ್ಲರೂ ಹತ್ತಿದ ಮೇಲೂ ಬಾಗಿಲು ಹಾಕದೆ ಕಾದರು. ಯಾಕೆ ಅಂದೆ. "ಆ ಕೆಂಪು ಕೋಟಿನವಳು ಬರಬಹುದು" ಅಂದರು. ಫುಟ್‌ಪಾತಿನಲ್ಲಿ ಕೆಂಪು ಕೋಟಿನ ಹೆಂಗಸು ನಡೆದುಹೋಗುತ್ತಿದ್ದಳು. ಅವಳು ಆಟದ ಬೊಂಬೆ, ಬಸ್ಸಿಗೆ ಬರುವವಳಲ್ಲ. ಅವಳು ತಿರುವಿನಲ್ಲಿ ಮರೆಯಾಗುವವರೆಗೂ ಕಾದು, ಆಮೇಲೆ ಹೊರಟರು. ಆಟ ಅವರಿಗೆ ತಡವಾಯಿತೆಂದು ಅಂಕ ಕಡಿತ ಮಾಡಿತು. ಕಡಿತ ಮಾಡಿಕೊಳ್ಳಲಿ.

ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ನಿಲ್ಲಿಸಿದರು. ಅಲ್ಲಿಯವರೆಗೂ ಬಲಗೈ ಸ್ಟೀರಿಂಗ್ ಬಿಟ್ಟಿರಲಿಲ್ಲ.

ಏಪ್ರಿಲ್ 27, ಭಾನುವಾರ

ಬಲಗೈಯಲ್ಲಿ ಲೋಟ ಹಿಡಿಯುತ್ತಿದ್ದಾರೆ, ಮುಕ್ಕಾಲು ತುಂಬಿದ್ದನ್ನು. ಕೆಳಗಿನ ಅಂಗಡಿವರೆಗೆ ಕೋಲಿಲ್ಲದೆ ಹೋಗಿ ಬ್ರೆಡ್ ತಂದರು. ಫಿಸಿಯೋ ಹುಡುಗಿ ಇಪ್ಪತ್ತು ನಿಮಿಷವನ್ನು ನಲವತ್ತು ಮಾಡಿ ಹೊಸ ಚೀಟಿ ಕೊಟ್ಟಿದ್ದಾಳೆ.

ಕಾರ್ಡು ಬಿಸಿಯಾಗುತ್ತಿದೆ ಎಂದು ಅಪ್ಪನೇ ಶಬ್ದದಲ್ಲಿ ಕಂಡುಹಿಡಿದರು. ಫ್ಯಾನುಗಳು ಕೂಗುವ ದನಿ ಬದಲಾಗಿದೆಯಂತೆ. ನನಗೆ ಒಂದೇ ಥರ ಕೇಳುತ್ತಿತ್ತು. ಕ್ಯಾಬಿನೆಟ್ ಗೋಡೆಗೆ ಅಂಟಿಕೊಂಡಿತ್ತು, ಬಿಸಿಗಾಳಿಗೆ ದಾರಿ ಇರಲಿಲ್ಲ. ಒಂದು ಗೇಣು ಮುಂದೆ ಎಳೆದೆವು. ಫ್ಯಾನ್ ತಾತನಿಂದ ಇನ್ನೊಂದು ಫ್ಯಾನ್ ತಂದು ಹಿಂದೆ ಹಾಕಿದೆವು. ಆ ನಾಲ್ಕು ಸ್ಕ್ರೂ ಹಾಕಲು ಅಪ್ಪನಿಗೆ ಹತ್ತು ನಿಮಿಷ ಬೇಕಾಯಿತು.

ತಮ್ಮ ಫೋನ್ ಮಾಡಿದ್ದ. ಕೋಣೆಗೆ ಬಣ್ಣ ಹೊಡೆಯುವುದೊಂದು ಬಾಕಿಯಂತೆ. ಸರಿ ಅಂದೆ.

ಮೇ 11, ಭಾನುವಾರ

ಮಧ್ಯಾಹ್ನ ಅಪ್ಪ ಆಟದಲ್ಲಿ ನದಿ ಪಕ್ಕದ ರೂಟಿನಲ್ಲಿದ್ದರು. ನಾನು ಪಕ್ಕದಲ್ಲಿ ಕೂತು ಬಟ್ಟೆ ಮಡಿಚುತ್ತಿದ್ದೆ. ಅವರ ಫೋನ್ ರಿಂಗಾಯಿತು. ಅಪ್ಪ ಇಂಡಿಕೇಟರ್ ಹಾಕಿ, ಮುಂದಿನ ಸ್ಟಾಪಿನವರೆಗೆ ಹೋಗಿ, ಬಸ್ಸನ್ನು ಅಂಚಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಬಾಗಿಲು ತೆರೆದು, ಆಮೇಲೆ ಫೋನ್ ಎತ್ತಿದರು. ಅಷ್ಟರಲ್ಲಿ ಅದು ನಿಂತುಹೋಗಿತ್ತು. ಅದನ್ನು ನೋಡಿದ್ದಕ್ಕೋ ಏನೋ, ಬಾಯಿಂದ ಬಂದುಬಿಟ್ಟಿತು.

"ಅವತ್ತು ನಿಮಗೆ ಸುದ್ದಿ ಯಾವಾಗ ಗೊತ್ತಾಯ್ತು?"

ಯಾವತ್ತು ಅಂತ ಅವರು ಕೇಳಲಿಲ್ಲ.

"ಹನ್ನೊಂದೂ ಕಾಲಿಗೆ. ಕಂಟ್ರೋಲ್ ರೂಮಿಂದ ಹೇಳಿದ್ರು. ಹದಿನಾಲ್ಕು ಸ್ಟಾಪ್ ಬಾಕಿ ಇತ್ತು. ಬೇರೆ ಡ್ರೈವರ್ ಕಳಿಸ್ತೀವಿ, ಇಳಿದು ಹೋಗು ಅಂದ್ರು."

ಬೇರೆ ಡ್ರೈವರ್ ಇರಲಿಲ್ಲವೆಂದೇ ನಾನು ಆರು ವರ್ಷ ಅಂದುಕೊಂಡಿದ್ದೆ. ಅದೊಂದು ನೆಪವನ್ನು ನಾನೇ ಅವರಿಗೆ ಕೊಟ್ಟಿದ್ದೆ.

"ಮತ್ತೆ?"

"ಬೇಡ ಅಂದೆ."

ಪರದೆಯಲ್ಲಿ ಜನ ಹತ್ತುತ್ತಿದ್ದರು. ಅಪ್ಪ ಅವರನ್ನೇ ನೋಡುತ್ತ ಹೇಳಿದರು. "ಬಸ್ ಓಡ್ತಾ ಇರೋವರೆಗೂ ಅದು ಆಗಿಲ್ಲ ಅನ್ನಿಸ್ತಿತ್ತು. ಇಳಿದ್ರೆ ಆಗಿಬಿಡುತ್ತೆ. ಒಂದೊಂದು ಸ್ಟಾಪಲ್ಲೂ ಎಲ್ಲರೂ ಕೂರೋವರೆಗೂ ನಿಂತೆ. ಅಷ್ಟು ನಿಧಾನ ನಾನು ಯಾವತ್ತೂ ಓಡಿಸಿಲ್ಲ. ಹಿಂದಿಂದ ಜನ ಬೈತಾ ಇದ್ರು. ಕೊನೇ ಸ್ಟಾಪ್ ಬರದೇ ಇದ್ರೆ ಸಾಕು ಅನ್ನಿಸ್ತಿತ್ತು."

ಕೈಯಲ್ಲಿದ್ದ ಟವೆಲನ್ನು ಮಡಿಚಿ, ಬಿಚ್ಚಿ, ಮಡಿಚಿದೆ.

"ನೀನು ಅಲ್ಲಿ ಒಬ್ಬಳೇ ಇದ್ದೆ. ಅದು ಅವತ್ತು ನನಗೆ ಹೊಳೀಲೇ ಇಲ್ಲ. ಆಮೇಲೆ ಹೊಳೀತು. ಆಗ ನಿನ್ನ ಹತ್ರ ಮಾತಾಡೋಕೆ ಮುಖ ಇರಲಿಲ್ಲ."

ಅಡುಗೆಮನೆಗೆ ಹೋಗಿ ತೊಳೆದಿಟ್ಟಿದ್ದ ಲೋಟಗಳನ್ನು ಮತ್ತೊಮ್ಮೆ ತೊಳೆದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ವಾಪಸು ಬಂದಾಗ ಬಸ್ಸು ಅದೇ ಸ್ಟಾಪಿನಲ್ಲಿ, ಬಾಗಿಲು ತೆರೆದುಕೊಂಡೇ ನಿಂತಿತ್ತು. ಅಪ್ಪ ಹಾಗೇ ಕೂತಿದ್ದರು. ಪಕ್ಕದ ಕುರ್ಚಿಯಲ್ಲಿ ಕೂತೆ.

"ಹೊರಡು ಅಪ್ಪ. ಜನ ಕಾಯ್ತಿದ್ದಾರೆ" ಅಂದೆ.

ಅಪ್ಪ ಬಾಗಿಲು ಹಾಕಿ, ಕನ್ನಡಿ ನೋಡಿ, ಹೊರಟ.

ಮೇ 12, ಸೋಮವಾರ

ಕೆಲಸಕ್ಕೆ ಹೋದೆ. ಎರಡು ಲೆನ್ಸ್ ತಪ್ಪು ಕತ್ತರಿಸಿದೆ. ಹನ್ನೊಂದು ವರ್ಷದಲ್ಲಿ ಇದೇ ಮೊದಲು. ಮೈ ಹಗುರ ಇದೆ, ನೆಗಡಿ ಬರುವ ಮುಂಚೆ ಹೀಗಾಗುತ್ತದೆ.

ಮೇ 18, ಭಾನುವಾರ

ನೆಗಡಿ ಬರಲಿಲ್ಲ.

ಅಪ್ಪ ನನ್ನ ಕೈಗೆ ಸ್ಟೀರಿಂಗ್ ಕೊಟ್ಟ. ಮೂರನೇ ಸ್ಟಾಪಿಗೆ ಹೋಗುವಷ್ಟರಲ್ಲಿ ಒಂದು ಬೇಲಿ, ಒಂದು ಕಸದ ಡಬ್ಬ ಹೋದವು. "ಬ್ರೇಕಿನ ಮೇಲೆ ನಿಂತ್ಕೋಬೇಡ, ಒತ್ತು" ಅಂದ. "ನಿಂತಿರೋರು ಇದ್ದಾರೆ ಅಂತ ತಿಳ್ಕೊ. ಒಬ್ಬಳ ಕೈಯಲ್ಲಿ ಮಗು ಇದೆ ಅಂತ ತಿಳ್ಕೊ." ಹಾಗೆ ತಿಳಿದುಕೊಂಡರೆ ಕಾಲು ತಾನಾಗಿ ಮೆಲ್ಲಗಾಗುತ್ತದೆ. ಕೂತು ಎಷ್ಟು ಹೇಳಿಕೊಡುತ್ತಾನೆ ಅಂದರೆ, ಮೂವತ್ತೊಂದು ವರ್ಷದ ಮಾತೆಲ್ಲ ಒಟ್ಟಿಗೆ ಬರುತ್ತಿರಬೇಕು.

ಜನವರಿಯ ದಿನದ ಬಗ್ಗೆಯೂ ಹೇಳಿದ. ಕೈ ಮರಗಟ್ಟಿದಾಗ ಮೊದಲು ತೋಚಿದ್ದು ಎಡಗಡೆ ಇದ್ದ ಶಾಲೆಯ ಗೇಟು. ಒಂದೇ ಕೈಯಲ್ಲಿ ಇನ್ನೊಂದು ಕಡೆಗೆ ಎಳೆದು ಡಿವೈಡರ್ ಹತ್ತಿಸಿದನಂತೆ. ಬಸ್ಸು ತಾನಾಗಿ ಹತ್ತಿದ್ದಲ್ಲ. "ಅದನ್ನ ಆಫೀಸಲ್ಲಿ ಹೇಳಿದ್ಯಾ?" ಅಂದೆ. ಆಗ ನಾಲಿಗೆ ತಿರುಗುತ್ತಿರಲಿಲ್ಲ, ಆಮೇಲೆ ಯಾರೂ ಕೇಳಲಿಲ್ಲ ಅಂದ. ನಾಳೆ ಕೂತು ಒಂದು ಪತ್ರ ಬರೆಯುತ್ತೇವೆ. ಲೈಸೆನ್ಸ್ ವಾಪಸು ಬರುವುದಿಲ್ಲ. ಆದರೂ ಅವರ ಕಾಗದದಲ್ಲಿ ಸರಿಯಾಗಿ ಬರೆದಿರಲಿ.

ಮೇ 31, ಶನಿವಾರ

ತಮ್ಮ ಬೆಳಿಗ್ಗೆಯೇ ಕಾರು ತಗೊಂಡು ಬಂದ. ಅಪ್ಪ ಸ್ನಾನಕ್ಕೆ ಹೋಗಿದ್ದ. ಕಂಪ್ಯೂಟರನ್ನು ಡಿಕ್ಕಿಯಲ್ಲಿಡೋಣ ಅಂದ ತಮ್ಮ. ಹಾಗೆಲ್ಲ ಇಡಲು ಆಗುವುದಿಲ್ಲ ಎಂದು ವಿವರಿಸಿದೆ. ಕಾರ್ಡು ಭಾರ ಇದೆ, ದಾರಿಯಲ್ಲಿ ಕುಲುಕಿದರೆ ಬೋರ್ಡಿನ ಸ್ಲಾಟ್ ಸೀಳುತ್ತದೆ. ಬಿಚ್ಚಿ ಬೇರೆ ಒಯ್ಯಬೇಕು. ಅಲ್ಲಿ ಮತ್ತೆ ಜೋಡಿಸುವವರು ಯಾರು? ಅವನ ಮನೆಯ ಮೇಜು ತಗ್ಗು, ಪೆಡಲ್ ಒತ್ತುವಾಗ ಅಪ್ಪನ ಮೊಣಕಾಲು ತಾಗುತ್ತದೆ. ಹೊಸ ಬಣ್ಣದ ವಾಸನೆ ಬೇರೆ. ಅಲ್ಲಿಯ ಫಿಸಿಯೋಥೆರಪಿಯವರು ಹೇಗೋ ಏನೋ.

ತಮ್ಮ ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದ. "ಅಕ್ಕ, ಮೂರೇ ತಿಂಗಳು ಅಂತ ನೀನೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿದ್ದೆ."

"ನಾನು ಕಂಪ್ಯೂಟರ್ ವಿಷಯ ಹೇಳ್ತಿರೋದು."

ಅಷ್ಟರಲ್ಲಿ ಅಪ್ಪ ತಲೆ ಒರೆಸಿಕೊಳ್ಳುತ್ತ ಬಂದ. "ಟವೆಲ್ ಒಣಹಾಕು, ಮಂಚದ ಮೇಲೆ ಎಸೀಬೇಡ ನೀನು" ಅಂದೆ.

ತಮ್ಮ ನನ್ನ ಮುಖ ನೋಡಿದ. "ಯಾವಾಗಿಂದ ಅಪ್ಪನಿಗೆ ನೀನು ಅಂತಿದ್ದೀಯ? ಆರು ವರ್ಷದಿಂದ ನೀವು, ಬನ್ನಿ, ಕೂತ್ಕೊಳ್ಳಿ."

"ಯಾವಾಗಲೂ ಹೀಗೇ ಅನ್ನೋದು" ಅಂದೆ. ಅವನಿಗೆ ಇಂಥದ್ದೆಲ್ಲ ನೆನಪಿರುವುದಿಲ್ಲ.

ಅಪ್ಪ ತಮ್ಮನ ಹತ್ತಿರ ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟ. ಬಲಗೈ. "ಕೋಣೆ ಚೆನ್ನಾಗಿ ಕಟ್ಟಿಸಿದ್ದೀಯ ಅಂತ ಗೊತ್ತು ಕಣೋ. ಬಂದು ಒಂದು ವಾರ ಇರ್ತೀನಿ. ತಿಂಗಳಿಗೊಮ್ಮೆ ಬೇಕಾದ್ರೂ ಬರ್ತೀನಿ. ಆದ್ರೆ ಇಲ್ಲಿ ಒಂದು ರೂಟ್ ಕಲಿಸ್ತಾ ಇದ್ದೀನಿ, ಇವಳಿನ್ನೂ ಬೇಲಿಗೆ ಗುದ್ದುತ್ತಾಳೆ." ಆಮೇಲೆ ನನ್ನ ಕಡೆ ತಿರುಗಿದ. "ನಿನಗೆ ತೊಂದರೆ ಇಲ್ಲ ಅಂದ್ರೆ."

"ಕಂಪ್ಯೂಟರ್ ಬಿಚ್ಚೋದು ನನಗೆ ತೊಂದರೆ" ಅಂದೆ.

ತಮ್ಮ ಸ್ವಲ್ಪ ಹೊತ್ತು ಮುಖ ಸಣ್ಣ ಮಾಡಿಕೊಂಡು ಕೂತ. ಪಾಪ, ನಾಲ್ಕು ತಿಂಗಳು ಆ ಕೋಣೆಯ ಹಿಂದೆ ಬಿದ್ದಿದ್ದವನು. ಆಮೇಲೆ ಸ್ಟೀರಿಂಗ್ ಹಿಡಿದ. ನನಗಿಂತ ಕೆಟ್ಟದಾಗಿ ಓಡಿಸುತ್ತಾನೆ. ಸಂಜೆವರೆಗೆ ಮೂವರೂ ಸರದಿ ಮೇಲೆ ಓಡಿಸಿದೆವು. ಅಪ್ಪ ಒಂದು ವಾರದ ಬಟ್ಟೆ ತಗೊಂಡು ಅವನ ಜೊತೆ ಹೋದ.

ಜೂನ್ 4, ಬುಧವಾರ

ಮನೆ ತುಂಬ ದೊಡ್ಡದಿದೆ. ಕಂಪ್ಯೂಟರಿನ ಧೂಳು ಒರೆಸಿದೆ. ಧೂಳು ಇರಲಿಲ್ಲ.

ಜೂನ್ 13, ಶುಕ್ರವಾರ

ಮಧ್ಯಾಹ್ನ ಅಂಗಡಿಯಲ್ಲಿ ತಲೆ ಎತ್ತಿದರೆ ಅಪ್ಪ ಗಿರಾಕಿಗಳ ಸ್ಟೂಲಿನ ಮೇಲೆ ಕೂತಿದ್ದಾನೆ. ಒಬ್ಬನೇ. ತಮ್ಮನ ಮನೆಯಿಂದ ವಾಪಸು ಬಂದು ಇನ್ನೂ ವಾರವಾಗಿಲ್ಲ, ಮನೆಯಿಂದ ಎರಡು ಬಸ್ ಬದಲಾಯಿಸಿ ಬಂದನಂತೆ. ಜನವರಿ ಆದಮೇಲೆ ಬಸ್ಸು ಹತ್ತಿದ್ದೇ ಇವತ್ತು. ಯಾರನ್ನು ಕೇಳಿ ಬಂದೆ, ದಾರಿಯಲ್ಲಿ ಏನಾದರೂ ಆಗಿದ್ದರೆ ಎಂದು ಎಲ್ಲರ ಮುಂದೆ ಬೈದೆ. ಕಂಡಕ್ಟರ್ ಗುರುತು ಹಿಡಿದು ಮುಂದಿನ ಸೀಟು ಕೊಡಿಸಿದ, ಬೇಡ ಅಂದು ಹಿಂದೆ ಕೂತೆ, ಹಿಂದೆ ಇಷ್ಟು ಕುಲುಕುತ್ತೆ ಅಂತ ಗೊತ್ತೇ ಇರಲಿಲ್ಲ ಅಂದ ಅಪ್ಪ.

ಪರದೆಯ ಅಕ್ಷರ ಮಸುಕಾಗುತ್ತಿದೆಯಂತೆ, ಕನ್ನಡಕ ಬೇಕಂತೆ. ಹೇಳಿದ್ದರೆ ಮನೆಯಲ್ಲೇ ನೋಡುತ್ತಿದ್ದೆ ಅಂದೆ. "ನೀನು ಕೆಲಸ ಮಾಡೋ ಜಾಗ ನಾನು ನೋಡೇ ಇರಲಿಲ್ಲ" ಅಂದ.

ಡಾಕ್ಟರು ಪವರ್ ಪರೀಕ್ಷೆ ಮಾಡಿ ಕಳಿಸಿದ ಮೇಲೆ ಕಣ್ಣುಪಾಪೆಗಳ ನಡುವಿನ ದೂರ ನಾನೇ ಅಳೆದೆ. ಇದಕ್ಕೆ ಎದುರೆದುರು ಕೂತು, ಒಂದು ಗೇಣು ದೂರದಿಂದ ಒಬ್ಬರ ಕಣ್ಣು ಇನ್ನೊಬ್ಬರು ನೋಡಬೇಕು. ದಿನಕ್ಕೆ ಇಪ್ಪತ್ತು ಜನರದ್ದು ಅಳೆಯುತ್ತೇನೆ, ಯಾರ ಮುಖವೂ ನೆನಪಿರುವುದಿಲ್ಲ. ಅಪ್ಪನ ಎಡಗಣ್ಣಿನ ಕೆಳಗೆ ಒಂದು ಸಣ್ಣ ಮಚ್ಚೆ ಇದೆ. ಇಷ್ಟು ವರ್ಷ ನೋಡಿರಲಿಲ್ಲ.

"ನಿದ್ದೆ ಸರಿ ಮಾಡ್ತಿಲ್ಲ ನೀನು" ಅಂದ ನನ್ನ ಕಣ್ಣು ನೋಡಿ.

"ಅಲ್ಲಾಡಬೇಡ" ಅಂದೆ.

ಅರವತ್ತಮೂರೂವರೆ ಮಿಲಿಮೀಟರ್. ಎರಡು ಸಲ ಅಳೆದೆ.

ಆರ್ಡರ್ ಚೀಟಿ ಬರೆದು ಮಾಲೀಕರಿಗೆ ಕೊಟ್ಟರೆ ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ ಇನ್ನೊಂದು ಖಾಲಿ ಚೀಟಿ ಕೊಟ್ಟರು. ಗ್ರಾಹಕರ ಹೆಸರು ಅನ್ನುವಲ್ಲಿ 'ಅಪ್ಪ' ಅಂತ ಬರೆದಿದ್ದೆ. ಬೇರೆ ಬರೆದುಕೊಟ್ಟೆ. ಮೊದಲಿನದನ್ನು ಇಲ್ಲಿ, ಈ ಪುಟದಲ್ಲಿ ಇಟ್ಟಿದ್ದೇನೆ. ಹಿಂಬದಿ ಖಾಲಿ ಇದೆ, ಮತ್ಯಾವುದಕ್ಕಾದರೂ ಬರುತ್ತದೆ.